ಕೇಂಬ್ರಿಜ್‌ನ ಚಳಿ ಮತ್ತು ರಾಮಾನುಜನ್

ಗಣಿತದಲ್ಲಿ ಎಲ್ಲರಿಗಿಂತ ಮುಂದು, ಉಳಿದ ವಿಷಯಗಳಲ್ಲಿ ನಪಾಸು. ಕುಂಭಕೋಣಂ ಸರ್ಕಾರಿ ಕಾಲೇಜಿನಲ್ಲಿ ಶ್ರೀನಿವಾಸ ರಾಮಾನುಜನ್ ವಿದ್ಯಾರ್ಥಿವೇತನ ಕಳೆದುಕೊಂಡದ್ದು ಹೀಗೆ. 1905ರಲ್ಲಿ, 17ನೇ ವಯಸ್ಸಿನಲ್ಲಿ, ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಹೊರಟುಹೋದರು. ಮುಂದೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರೂ 1906 ಮತ್ತು 1907ರಲ್ಲಿ ಎಫ್‌.ಎ. ಪರೀಕ್ಷೆ ಫೇಲಾದರು. ಆಮೇಲಿನದು ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ಪಾಡು: ನೋಟ್‌ಬುಕ್ ಹಿಡಿದು ಕೆಲಸಕ್ಕಾಗಿ ಅಲೆದಾಟ. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತೆ ಕೆಲಸ ಸಿಕ್ಕಿತು.

ಮರುವರ್ಷ ಮದ್ರಾಸ್ ವಿಶ್ವವಿದ್ಯಾಲಯ, ಪದವಿಯೇ ಇಲ್ಲದ ಈ ಗುಮಾಸ್ತರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಒಬ್ಬರಿಗಾಗಿ ನಿಯಮ ಸ್ವಲ್ಪ ಬಾಗಿತು. ಹಾಗೆ ಬಾಗದಿದ್ದರೆ?

1914ರಲ್ಲಿ ಹಾರ್ಡಿಯವರ ಕರೆಯ ಮೇರೆಗೆ ಕೇಂಬ್ರಿಜ್‌ಗೆ ಹೋದರು. ಅಲ್ಲಿನ ಚಳಿಗೆ ಅವರು ಓವರ್‌ಕೋಟ್ ಹಾಕಿಕೊಂಡು, ಶಾಲು ಸುತ್ತಿಕೊಂಡೇ ಮಲಗುತ್ತಿದ್ದರಂತೆ. ಮಂಚದ ಮೇಲೆ ಕಂಬಳಿಗಳಿದ್ದವು, ಆದರೆ ಮೇಲುಹಾಸಿನಡಿ ಅಂಚು ಮಡಚಿ ಸಿಕ್ಕಿಸಿದ್ದರಿಂದ ಅವುಗಳೊಳಗೆ ಸೇರಿಕೊಂಡು ಮಲಗಬೇಕೆಂದು ಅವರಿಗೆ ತಿಳಿದಿರಲಿಲ್ಲ. ಕಂಬಳಿ ಬಿಡಿಸಿ ತೋರಿಸಿದವರು ಅಲ್ಲೇ ಓದುತ್ತಿದ್ದ ಪಿ.ಸಿ. ಮಹಾಲನೋಬಿಸ್. ರಾತ್ರಿ ಬೆಚ್ಚಗಿರುತ್ತದೆಯೇ ಎಂದು ಅವರು ಕೇಳಿದ್ದರಿಂದ ವಿಷಯ ಹೊರಬಂತು.

ಕಟ್ಟಾ ಸಸ್ಯಾಹಾರಿಯಾದ ರಾಮಾನುಜನ್ ಕಾಲೇಜಿನ ಹಾಲ್‌ನಲ್ಲಿ ಎಲ್ಲರೊಂದಿಗೆ ಉಣ್ಣದೆ ಕೋಣೆಯಲ್ಲೇ ಬೇಯಿಸಿಕೊಳ್ಳುತ್ತಿದ್ದರು. ಮಹಾಯುದ್ಧದ ದಿನಗಳು. ಪತ್ನಿ ಜಾನಕಿಯ ಪತ್ರಗಳು ತಲುಪುತ್ತಿರಲಿಲ್ಲ. 1917ರಲ್ಲಿ ಕಾಯಿಲೆ ಬಿದ್ದು ಒಂದು ಆರೋಗ್ಯಧಾಮದಿಂದ ಇನ್ನೊಂದಕ್ಕೆ ಅಲೆದರು. 1918ರ ಆರಂಭದಲ್ಲಿ ಲಂಡನ್ನಿನಲ್ಲಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು. ರೈಲ್ವೆ ಸಿಬ್ಬಂದಿಯೊಬ್ಬರು ನೋಡಿದ್ದರಿಂದ ಉಳಿದರು. ಆಗ ಅದು ಅಪರಾಧ. ಪೊಲೀಸರು ಹಿಡಿದರು, ಹಾರ್ಡಿ ಹೋಗಿ ಬಿಡಿಸಿದರು. (ಅವರ ಮನಸ್ಸಿಗೆ ಇವತ್ತಿನ ಯಾವುದೋ ಕಾಯಿಲೆಯ ಹೆಸರಿಡುವವರಿದ್ದಾರೆ. ನನಗೆ ಅದು ಸರಿ ಎನಿಸುವುದಿಲ್ಲ.)

ಅದೇ ವರ್ಷ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಆದರೂ ಟ್ರಿನಿಟಿ ಕಾಲೇಜಿನ ಫೆಲೋಶಿಪ್ ವಿಷಯ ಬಂದಾಗ ಅವರ ಮನಸ್ಥಿತಿಯ ಪ್ರಶ್ನೆ ಎದ್ದಿತು. ಪರವಾಗಿ ನಿಂತ ಲಿಟಲ್‌ವುಡ್ ವೈದ್ಯರ ಪ್ರಮಾಣಪತ್ರಗಳನ್ನೇ ಮುಂದಿಡಬೇಕಾಯಿತು. ಅಕ್ಟೋಬರ್‌ನಲ್ಲಿ ಆಯ್ಕೆಯಾದರು. ವರ್ಷಕ್ಕೆ 250 ಪೌಂಡ್, ಆರು ವರ್ಷ, ಯಾವ ಷರತ್ತೂ ಇಲ್ಲ.

ಅಷ್ಟು ವರ್ಷ ಉಳಿದಿರಲಿಲ್ಲ. 1919ರಲ್ಲಿ ಊರಿಗೆ ಮರಳಿದ ಅವರು 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡರು. ವಯಸ್ಸು 32. ಆ ಜನವರಿಯಲ್ಲಷ್ಟೇ, ತಾವು ಕಂಡುಕೊಂಡ ಹೊಸ ಗಣಿತದ ಬಗ್ಗೆ ಹಾರ್ಡಿಯವರಿಗೆ ಪತ್ರ ಬರೆದಿದ್ದರು.