ಇಂದಿನ ಚಿಂತನ: ಇಪ್ಪತ್ತೊಂದು ವರ್ಷದ ನಿರ್ಧಾರ



ಇಂದು ಬಾಬಾಸಾಹೇಬರ ಬದುಕಿನ ಒಂದೇ ಒಂದು ಎಳೆಯನ್ನು ಹಿಡಿದು ಬರೆಯುತ್ತಿದ್ದೇನೆ. ದೊಡ್ಡ ನಿರ್ಧಾರವನ್ನು ಎದೆಯೊಳಗೆ ಇಟ್ಟುಕೊಂಡು ದಿನದ ಕೆಲಸ ಹೇಗೆ ಮಾಡಬೇಕು? ಈ ಪ್ರಶ್ನೆ ಕಾಡಿದಾಗಲೆಲ್ಲ ನನಗೆ ಅವರೇ ನೆನಪಾಗುತ್ತಾರೆ.

1907ರಲ್ಲಿ ಭೀಮರಾವ್ ಮೆಟ್ರಿಕ್ ಪಾಸಾದರು. ಆಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಶಿಕ್ಷಕರು ತಾವು ಮರಾಠಿಯಲ್ಲಿ ಬರೆದ ಬುದ್ಧಚರಿತ್ರೆಯನ್ನು ಕಾಣಿಕೆಯಾಗಿ ಕೊಟ್ಟರು. ಬುದ್ಧ ಅವರ ಮನೆಗೆ ಬಂದದ್ದು ಹಾಗೆ. ಅವರು ಬುದ್ಧನ ಮನೆಗೆ ಹೋದದ್ದು ಮಾತ್ರ 1956ರಲ್ಲಿ, 65ನೆಯ ವಯಸ್ಸಿನಲ್ಲಿ.

ನಡುವೆ ಏನೆಲ್ಲ ಆಯಿತು! ಕೊಲಂಬಿಯಾದಲ್ಲಿ ಓದಿ ಬಂದರೂ ಬರೋಡದಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. 1927ರಲ್ಲಿ ಮಹಾಡದ ಕೆರೆ ನೀರಿಗಾಗಿ, 1930ರಿಂದ ನಾಸಿಕದ ಕಾಳಾರಾಮ ಗುಡಿಯ ಪ್ರವೇಶಕ್ಕಾಗಿ ಸತ್ಯಾಗ್ರಹ ಮಾಡಿದರು. ವರ್ಷಗಟ್ಟಲೆ ಕಾದರೂ ಗುಡಿಯ ಬಾಗಿಲು ತೆರೆಯಲಿಲ್ಲ.

1935ರ ಮೇ 27ರಂದು ರಮಾಬಾಯಿ ತೀರಿಕೊಂಡರು. ಧಾರವಾಡದಲ್ಲಿ ಬಾಬಾಸಾಹೇಬರ ವಿದ್ಯಾರ್ಥಿನಿಲಯದ ಮಕ್ಕಳ ಊಟಕ್ಕೆ ಆ ತಾಯಿ ಕೈಬಳೆ ತೆಗೆದುಕೊಟ್ಟರೆಂದು ನಮ್ಮ ಭಾಗದಲ್ಲಿ ಇಂದಿಗೂ ಹೇಳುತ್ತಾರೆ. ಅವರು ಹೋಗಿ ಐದು ತಿಂಗಳೂ ಆಗಿರಲಿಲ್ಲ. ಅಕ್ಟೋಬರ್ 13ರಂದು ಯೇವಲೆಯಲ್ಲಿ ಬಾಬಾಸಾಹೇಬರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿಬಿಟ್ಟರು.

ದುಃಖದಲ್ಲಿ, ಸಿಟ್ಟಿನಲ್ಲಿ ಆಡಿದ ಮಾತು ಎಂದು ಯಾರಿಗಾದರೂ ಅನಿಸಬಹುದು. ಮುಂದೆ ಅವರು ನಡೆದುಕೊಂಡ ರೀತಿಯನ್ನು ನೋಡಿದರೆ ನನಗೆ ಹಾಗೆ ಅನಿಸುವುದಿಲ್ಲ. ಅವರು ಒಂದು ನಿರ್ಧಾರವನ್ನು ಎರಡಾಗಿ ಬಿಡಿಸಿದರು. ಬಿಡುವುದು ಖಚಿತ, ಅದು ಅಲ್ಲಿಗೆ ಮುಗಿಯಿತು. ಎಲ್ಲಿಗೆ ಹೋಗುವುದು ಎಂಬುದಕ್ಕೆ ಮಾತ್ರ ಸಮಯ ತೆಗೆದುಕೊಂಡರು.

ಹಲವು ಧರ್ಮಗಳ ಮುಖಂಡರು ಕರೆದರು. 1936ರಲ್ಲಿ ಅಮೃತಸರಕ್ಕೆ ಹೋಗಿ ಸಿಖ್ಖರ ಸಮಾವೇಶದಲ್ಲಿ ಕುಳಿತು ಬಂದರು. ಅದೇ ವರ್ಷ ಮುಂಬಯಿ ಸಮ್ಮೇಳನದಲ್ಲಿ ತಮ್ಮ ಜನರ ಮುಂದೆ ಲಾಭ ನಷ್ಟ ಎರಡನ್ನೂ ಬಿಡಿಸಿಟ್ಟರು. ಕೊನೆಗೆ ಬುದ್ಧನನ್ನು ನೆನೆದು, ನಿಮಗೆ ನೀವೇ ಬೆಳಕಾಗಿರಿ ಎಂಬ ಅರ್ಥದ ಮಾತು ಹೇಳಿದರು. ತಾವೇ ನಾಯಕರಾಗಿದ್ದರೂ ಜನರ ಬದಲು ತಾವು ಯೋಚಿಸಲಿಲ್ಲ.

ಆಮೇಲೆ ಕೈಕಟ್ಟಿ ಕೂಡಲಿಲ್ಲ. ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು, ಸಂವಿಧಾನದ ಕರಡು ಸಮಿತಿಯನ್ನು ಮುನ್ನಡೆಸಿದರು, 1951ರಲ್ಲಿ ಮಂತ್ರಿಗಿರಿ ಬಿಟ್ಟರು. ಒಳಗೆ ಹುಡುಕಾಟ ನಡೆದೇ ಇತ್ತು. 1946ರಲ್ಲಿ ಮುಂಬಯಿಯಲ್ಲಿ ತೆರೆದ ಕಾಲೇಜಿಗೆ ಸಿದ್ಧಾರ್ಥ ಎಂದು ಹೆಸರಿಟ್ಟರು. 1950ರಲ್ಲಿ ಶ್ರೀಲಂಕಾಕ್ಕೆ, 1954ರಲ್ಲಿ ಬರ್ಮಾಕ್ಕೆ ಹೋಗಿ ಬೌದ್ಧರ ಬದುಕನ್ನು ಕಣ್ಣಾರೆ ಕಂಡರು.

ಅವರಿಗೆ ಒತ್ತಡವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ ದೇಹವನ್ನು ತಿನ್ನುತ್ತಿತ್ತು, ಕಾಲುಗಳು ಸೋತಿದ್ದವು. ಓದು ಸಾಕಷ್ಟಾಯಿತು, ಇನ್ನು ಮುಂದೂಡಬಾರದು ಎಂಬ ದಿನವೂ ಬಂತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಪೂಜ್ಯ ಚಂದ್ರಮಣಿ ಭಂತೆಯವರಿಂದ ದೀಕ್ಷೆ ಪಡೆದರು. ಲಕ್ಷಾಂತರ ಜನ ಜೊತೆಗೆ ನಡೆದರು. ಡಿಸೆಂಬರ್ 6ರಂದು ಅವರು ಕಣ್ಣು ಮುಚ್ಚಿದರು. ಅಂದರೆ 21 ವರ್ಷ ಕಾದ ದಾರಿಯಲ್ಲಿ ಅವರು ನಡೆದದ್ದು 53 ದಿನ. ಆ ದಿನಾಂಕವನ್ನು ಇನ್ನೊಂದು ವರ್ಷ ಮುಂದಕ್ಕೆ ಹಾಕಿದ್ದರೆ?

ನವಲಗುಂದದ ಈ ಎರೆ ಹೊಲದ ಸೀಮೆಯಲ್ಲಿ ನಮ್ಮ ನಿರ್ಧಾರಗಳು ಅಷ್ಟು ದೊಡ್ಡವಲ್ಲ. ಆದರೆ ನಿದ್ದೆ ಕೆಡಿಸುವಷ್ಟು ದೊಡ್ಡವು. ನಮ್ಮ ಮನೆಯಲ್ಲಿ ಈಗ ಎರಡು ಎಕರೆ ಮಾರಿ ಮಗಳನ್ನು ನರ್ಸಿಂಗ್ ಓದಿಸುವ ಮಾತು ನಡೆದಿದೆ. ನಾನೂ ಅದನ್ನು ಎರಡಾಗಿ ಬಿಡಿಸಿದ್ದೇನೆ. ಮಗಳು ಓದುವುದು ಖಚಿತ. ಹಣ ಹೊಲದಿಂದಲೋ, ಬ್ಯಾಂಕ್ ಸಾಲದಿಂದಲೋ, ಲಾವಣಿಗೆ ಕೊಟ್ಟೋ ಎಂಬುದು ಇನ್ನೂ ತೆರೆದಿದೆ. ಅದನ್ನು ಮಗಳ ಎದುರಿಗೇ ಮಾತಾಡುತ್ತೇವೆ. ಕಡಲೆ ರಾಶಿ ಮುಗಿದ ವಾರವೇ ತೀರ್ಮಾನ ಎಂದು ಗೊತ್ತುಮಾಡಿದ್ದೇವೆ. ಭಾರ ಇಳಿದಿಲ್ಲ, ಆದರೆ ಹೊರುವಷ್ಟಾಗಿದೆ.

ಇಂದಿನ ಅಭ್ಯಾಸ: ಹತ್ತು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕೂಡಿ. ಗಾಬರಿ ಬಂದರೆ ಅದನ್ನು ಗಾಬರಿ ಎಂದು ಗುರುತಿಸಿ, ಜಗಳಾಡಬೇಡಿ. ಆಮೇಲೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಯಾವುದು ಆಗಲೇ ಖಚಿತ? ಯಾವುದು ಇನ್ನೂ ತಿಳಿಯಬೇಕು? ಯಾವ ದಿನದವರೆಗೆ ಕಾಯುತ್ತೇನೆ? ಮೂರನೆಯ ಸಾಲನ್ನು ಖಾಲಿ ಬಿಡಬೇಡಿ.

ಎಲ್ಲರಿಗೂ ಮಂಗಳವಾಗಲಿ 🌷