ಹೇಸರಗತ್ತೆಗೆ ಮಾತು ಕೊಟ್ಟ ಆನೆಟ್ ಮಿಲ್ಸ್

ಮಕ್ಕಳ ಟೆಲಿವಿಷನ್ ಕಾರ್ಯಕ್ರಮಗಳಿಗೆ ಐವತ್ತು ವರ್ಷ ತುಂಬಿದ ನೆನಪಿಗಾಗಿ ಬ್ರಿಟನ್ನಿನ ಅಂಚೆ ಸಂಸ್ಥೆ 1996ರಲ್ಲಿ ಐದು ಅಂಚೆಚೀಟಿಗಳನ್ನು ಹೊರತಂದಿತು. ಅವುಗಳಲ್ಲಿ ಒಂದರ ಮೇಲೆ ಮಫಿನ್ ಎಂಬ ಹೇಸರಗತ್ತೆಯ ಚಿತ್ರವಿತ್ತು. ಮಫಿನ್ ಮರದಿಂದ ಕಡೆದ ಒಂದು ಸೂತ್ರದ ಬೊಂಬೆ. ಆ ಬೊಂಬೆಗೆ ಹೆಸರಿಟ್ಟು, ಹಾಡು ಕಟ್ಟಿ, ಒಂಬತ್ತು ವರ್ಷಗಳ ಕಾಲ ಅದರೊಡನೆ ಸಂಭಾಷಿಸುತ್ತ ಒಂದು ದೇಶದ ಮಕ್ಕಳನ್ನು ರಂಜಿಸಿದ ಆನೆಟ್ ಮಿಲ್ಸ್ ಅವರ ಹೆಸರು ಇಂದು ಅವರ ನಾಡಿನಲ್ಲೇ ಹೆಚ್ಚು ಜನರಿಗೆ ನೆನಪಿಲ್ಲ. ಬೊಂಬೆ ಉಳಿಯಿತು, ಅದಕ್ಕೆ ಮಾತು ಕೊಟ್ಟವರು ಮರೆಯಾದರು. ಅರ್ಥಶಾಸ್ತ್ರವನ್ನು ಓದಿ ಸರ್ಕಾರಿ ಕಡತಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಅವರ ಬದುಕು ಮುಖ್ಯವೆನಿಸಲು ಒಂದು ಕಾರಣವಿದೆ. ಮಕ್ಕಳಿಗಾಗಿ ಮಾಡುವ ಕೆಲಸದ ಬೆಲೆಯನ್ನು ಯಾರು, ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆ ಆ ಬದುಕಿನಲ್ಲಿ ಅಡಗಿದೆ.

ಆನೆಟ್ ಹುಟ್ಟಿದ್ದು 1894ರಲ್ಲಿ, ಲಂಡನ್ ನಗರದಲ್ಲಿ. ತಂದೆ ತಾಯಿ ಇಟ್ಟ ಹೆಸರು ಈಡಿತ್ ಮೇಬೆಲ್. ಅವರ ತಮ್ಮ ಜಾನ್ ಮಿಲ್ಸ್ ಬ್ರಿಟಿಷ್ ಚಲನಚಿತ್ರರಂಗದ ಹಿರಿಯ ನಟರಲ್ಲೊಬ್ಬರು. ಅಟೆನ್‌ಬರೋ ಅವರ 1982ರ ‘ಗಾಂಧಿ’ ಚಿತ್ರದಲ್ಲಿ ವೈಸ್‌ರಾಯ್ ಪಾತ್ರ ವಹಿಸಿದವರು ಅವರೇ ಎಂದರೆ ನಮ್ಮ ಓದುಗರಿಗೆ ಗುರುತು ಸಿಕ್ಕೀತು. ಅಕ್ಕನಿಗೂ ತಮ್ಮನಿಗೂ ಹದಿನಾಲ್ಕು ವರ್ಷಗಳ ಅಂತರ. ಜಾನ್ ರಂಗಭೂಮಿಯ ಕನಸು ಕಾಣುತ್ತಿದ್ದ ಹುಡುಗನಾಗಿದ್ದಾಗ ಆನೆಟ್ ಆಗಲೇ ಲಂಡನ್ನಿನ ಮನರಂಜನಾ ಲೋಕದಲ್ಲಿ ಹೆಸರು ಮಾಡಿದ್ದ ನರ್ತಕಿ. ರಾಬರ್ಟ್ ಸಿಯೆಲ್ ಅವರೊಡನೆ ಜೋಡಿಯಾಗಿ ನರ್ತಿಸುತ್ತಿದ್ದ ಅವರು, 1920ರ ದಶಕದಲ್ಲಿ ಅಮೆರಿಕದಿಂದ ಬಂದ ಚಾರ್ಲ್‌ಸ್ಟನ್ ನೃತ್ಯವನ್ನು ಬ್ರಿಟನ್ನಿನಲ್ಲಿ ಜನಪ್ರಿಯಗೊಳಿಸಿದವರಲ್ಲಿ ಒಬ್ಬರು. ಮೊದಲ ಮಹಾಯುದ್ಧದ ಸಾವುನೋವುಗಳಿಂದ ಕಂಗೆಟ್ಟಿದ್ದ ತಲೆಮಾರೊಂದು ಎಲ್ಲವನ್ನೂ ಮರೆತು ಕುಣಿಯಲು ಹಾತೊರೆಯುತ್ತಿದ್ದ ಕಾಲವದು.

ನೃತ್ಯದಿಂದ ಬದುಕು ಕಟ್ಟಿಕೊಂಡವರಿಗೆ ಕಾಲು ಮುರಿಯುವುದೆಂದರೆ ಏನೆಂಬುದನ್ನು ವಿವರಿಸಬೇಕಿಲ್ಲ. ಆನೆಟ್ ಅವರಿಗೆ ಆದದ್ದು ಅದೇ. ನರ್ತಿಸುವಾಗಲೇ ಕಾಲು ಮುರಿದು ಅವರ ಮೊದಲ ವೃತ್ತಿ ಮುಗಿಯಿತು. ಬಾಲ್ಯದಲ್ಲಿ ಕಲಿತ ಸಂಗೀತ ಆಗ ಕೈಹಿಡಿಯಿತು. ಅವರು ಪಿಯಾನೋ ಮುಂದೆ ಕುಳಿತು ಹಾಡುಗಳನ್ನು ರಚಿಸಿದರು, ರಂಜನಾ ಗೃಹಗಳಲ್ಲಿ ತಾವೇ ಹಾಡಿದರು. ಅವರು ರಚಿಸಿದ ‘ಬೂಂಪ್ಸ್-ಎ-ಡೇಸಿ’ ಎಂಬ ನೃತ್ಯಗೀತೆ 1939ರಲ್ಲಿ ಮನೆಮಾತಾಯಿತು. ಚಪ್ಪಾಳೆ ತಟ್ಟಿ, ಮೊಣಕಾಲು ಮುಟ್ಟಿ, ಜೊತೆಗಾರರು ಸೊಂಟಕ್ಕೆ ಸೊಂಟ ತಾಗಿಸಿ ನಗುವ ಸರಳ ಕುಣಿತವದು. ತಾವು ಕುಣಿಯಲಾಗದ ಸ್ಥಿತಿಯಲ್ಲಿ ಇಡೀ ದೇಶವನ್ನು ಕುಣಿಸಿದ್ದು ಅವರ ಬದುಕಿನ ಮೊದಲ ಸೋಜಿಗ.

ಎರಡನೆಯ ಪೆಟ್ಟು ಇನ್ನೂ ಕಠಿಣವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಮನರಂಜನೆಗಾಗಿ ಊರೂರು ಸುತ್ತುತ್ತಿದ್ದ ಅವರು 1942ರಲ್ಲಿ ಭೀಕರ ಕಾರು ಅಪಘಾತಕ್ಕೆ ಸಿಲುಕಿದರು. ಮುಂದಿನ ಕೆಲವು ವರ್ಷಗಳ ಬಹುಪಾಲು ಆಸ್ಪತ್ರೆಯಲ್ಲೇ ಕಳೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಅವರ ವಯಸ್ಸು ಐವತ್ತು ದಾಟಿತ್ತು. ಅಂದಿನ ಮನರಂಜನಾ ಲೋಕದ ಲೆಕ್ಕದಲ್ಲಿ ಇದು ನಿವೃತ್ತಿಯ ವಯಸ್ಸು. ಅದರಲ್ಲೂ ಹೆಣ್ಣಿಗೆ, ಅದರಲ್ಲೂ ದೇಹ ಜರ್ಜರಿತವಾದ ಹೆಣ್ಣಿಗೆ.

ಇದೇ ವೇಳೆಗೆ ಯುದ್ಧದಿಂದಾಗಿ ಸ್ಥಗಿತವಾಗಿದ್ದ ಇನ್ನೊಂದು ಸಂಸ್ಥೆಯೂ ಮತ್ತೆ ಕಣ್ತೆರೆಯುತ್ತಿತ್ತು. ಬಿಬಿಸಿ 1936ರ ನವೆಂಬರ್‌ನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಆರಂಭಿಸಿದ್ದ ಟೆಲಿವಿಷನ್ ಪ್ರಸಾರ 1939ರ ಸೆಪ್ಟೆಂಬರ್‌ನಲ್ಲಿ ನಿಂತುಹೋಗಿ, 1946ರ ಜೂನ್ 7ರಂದು ಪುನರಾರಂಭಗೊಂಡಿತು. ಬಾಂಬಿನ ದಾಳಿಯಿಂದ ಜರ್ಜರಿತವಾದ ನಗರ, ಪಡಿತರ ಚೀಟಿಯ ಆಹಾರ, ಕಲ್ಲಿದ್ದಲಿನ ಅಭಾವ. 1947ರ ಆರಂಭದಲ್ಲಿ ಇಂಧನದ ಬಿಕ್ಕಟ್ಟಿನಿಂದಾಗಿ ಪ್ರಸಾರವನ್ನೇ ಸುಮಾರು ಒಂದು ತಿಂಗಳು ನಿಲ್ಲಿಸಬೇಕಾಯಿತು. ಬ್ರಿಟಿಷ್ ಮಕ್ಕಳ ಮಿಠಾಯಿಯ ಮೇಲಿನ ಪಡಿತರ ಅಂತಿಮವಾಗಿ ಕೊನೆಗೊಂಡದ್ದು 1953ರಲ್ಲಿ. ಇಂತಹ ಬಡತನದ ನಡುವೆಯೂ ಆ ಸಂಸ್ಥೆ ಮಕ್ಕಳಿಗಾಗಿ ಭಾನುವಾರದ ಮಧ್ಯಾಹ್ನದಲ್ಲಿ ಒಂದಿಷ್ಟು ಹೊತ್ತನ್ನು ಮೀಸಲಿಟ್ಟಿತ್ತು. ಆ ಹೊತ್ತಿನಲ್ಲಿ ಹಾಡಿ ಕಥೆ ಹೇಳುವ ಕೆಲಸ ಆನೆಟ್ ಅವರ ಪಾಲಿಗೆ ಬಂತು.

ಪಿಯಾನೋ ಮುಂದೆ ಕುಳಿತು ಒಬ್ಬರೇ ಹಾಡುವುದು ಮಕ್ಕಳ ಗಮನವನ್ನು ಹಿಡಿದಿಡಲಾರದು ಎಂಬುದನ್ನು ಬಲ್ಲ ಆನೆಟ್, ಜತೆಗಾರ ಪಾತ್ರವೊಂದನ್ನು ಅರಸುತ್ತ ಬೊಂಬೆಯಾಟದ ದಂಪತಿ ಆ್ಯನ್ ಹೋಗಾರ್ತ್ ಮತ್ತು ಜ್ಯಾನ್ ಬಸ್ಸೆಲ್ ಅವರನ್ನು ಕಂಡರು. ಫ್ರೆಡ್ ಟಿಕ್ನರ್ ಎಂಬ ಬೊಂಬೆ ಕುಶಲಿ 1930ರ ದಶಕದ ಆರಂಭದಲ್ಲಿ ಮಾಡಿಕೊಟ್ಟಿದ್ದ ಹೇಸರಗತ್ತೆಯೊಂದು ಅವರ ಬಳಿ ವರ್ಷಗಳಿಂದ ಮೂಲೆ ಸೇರಿತ್ತು. ಅದಕ್ಕೆ ಹೆಸರೂ ಇರಲಿಲ್ಲ. ಆನೆಟ್ ಅದನ್ನು ಆರಿಸಿ ಮಫಿನ್ ಎಂದು ಕರೆದರು. 1946ರ ದ್ವಿತೀಯಾರ್ಧದಲ್ಲಿ ಮಫಿನ್ ಬಿಬಿಸಿಯ ಪರದೆಯ ಮೇಲೆ ಕಾಣಿಸಿಕೊಂಡಿತು. ಒಂದು ಮೂಲೆಯಲ್ಲಿ ಬಿದ್ದಿದ್ದ ಬೊಂಬೆಯೂ ಆಸ್ಪತ್ರೆಯಿಂದ ಎದ್ದುಬಂದ ಕಲಾವಿದೆಯೂ ಒಟ್ಟಿಗೆ ಎರಡನೆಯ ಬದುಕನ್ನು ಪಡೆದರು.

ಅಂದಿನ ಏರ್ಪಾಡು ಅತ್ಯಂತ ಸರಳವಾದದ್ದು. ಆನೆಟ್ ಪಿಯಾನೋ ನುಡಿಸುತ್ತ ಹಾಡುತ್ತಿದ್ದರು. ಪಿಯಾನೋದ ಮೇಲ್ಭಾಗವೇ ಮಫಿನ್‌ನ ರಂಗಸ್ಥಳ. ಹಿಂದಿನ ತೆರೆಯ ಮರೆಯಲ್ಲಿ ನಿಂತ ಆ್ಯನ್ ಹೋಗಾರ್ತ್ ಸೂತ್ರಗಳನ್ನು ಆಡಿಸುತ್ತಿದ್ದರು. ಪೆಂಗ್ವಿನ್, ಕುರಿಮರಿ, ಉಷ್ಟ್ರಪಕ್ಷಿ ಮೊದಲಾದ ಗೆಳೆಯರು ಬಂದುಹೋಗುತ್ತಿದ್ದರು. ಪ್ರಸಾರವೆಲ್ಲ ನೇರ, ಸೂತ್ರ ಸಿಕ್ಕಾದರೂ ಕುದುರೆಲಾಳದ ಗೊರಸು ಜಾರಿದರೂ ಮತ್ತೊಮ್ಮೆ ಚಿತ್ರಿಸುವ ಅವಕಾಶವಿರಲಿಲ್ಲ.

ಈ ಸರಳತೆಯೊಳಗೆ ಒಂದು ಜಾಣ್ಮೆಯಿತ್ತು. ಮಫಿನ್ ವೀಕ್ಷಕರಿಗೆ ಕೇಳುವಂತೆ ಎಂದೂ ಮಾತಾಡುತ್ತಿರಲಿಲ್ಲ. ಹೇಳಬೇಕಾದ್ದನ್ನು ಆನೆಟ್ ಅವರ ಕಿವಿಯಲ್ಲಿ ಪಿಸುಗುಟ್ಟುತ್ತಿತ್ತು. ಅವರು ಅದನ್ನು ಕೇಳಿಸಿಕೊಂಡು, ಅಚ್ಚರಿಪಟ್ಟು, ಕೆಲವೊಮ್ಮೆ ಹುಸಿಮುನಿಸು ತೋರಿ ಮಕ್ಕಳಿಗೆ ತಿಳಿಸುತ್ತಿದ್ದರು. ಅಂದರೆ ಬೊಂಬೆಗೆ ಜೀವ ಬರುತ್ತಿದ್ದುದು ಸೂತ್ರಗಳಿಂದಷ್ಟೇ ಅಲ್ಲ, ಹಿರಿಯರೊಬ್ಬರು ಅದರ ಮಾತನ್ನು ಪೂರ್ಣ ಗಂಭೀರವಾಗಿ ಆಲಿಸುತ್ತಿದ್ದ ರೀತಿಯಿಂದ. ಮಾತು ಸ್ಪಷ್ಟವಾಗದ ವಯಸ್ಸಿನ ಮಗು, ತನ್ನ ತೊದಲನ್ನೂ ಯಾರಾದರೂ ಹೀಗೆ ಕಿವಿಗೊಟ್ಟು ಕೇಳಲಿ ಎಂದು ಬಯಸುತ್ತದೆ. ಆನೆಟ್ ಅವರ ಅಭಿನಯ ಆ ಬಯಕೆಯನ್ನು ಅರಿತಿತ್ತು. ನಟನೆಯಲ್ಲಿ ಮಾತಾಡುವುದಕ್ಕಿಂತ ಆಲಿಸುವುದು ಕಷ್ಟ ಎನ್ನುತ್ತಾರೆ. ಎದುರಿಗೆ ಮರದ ತುಂಡಿರುವಾಗ ಆಲಿಸುವುದು ಇನ್ನೆಷ್ಟು ಕಷ್ಟವೋ!

ಇನ್ನು ಅಂಕಿಅಂಶಗಳ ಮಾತು. ಟೆಲಿವಿಷನ್ ಲೈಸೆನ್ಸ್ ಪದ್ಧತಿ ಬ್ರಿಟನ್ನಿನಲ್ಲಿ 1946ರ ಜೂನ್‌ನಲ್ಲಿ ಜಾರಿಗೆ ಬಂತು. ರೇಡಿಯೋ ಸೇರಿ ವರ್ಷಕ್ಕೆ ಎರಡು ಪೌಂಡ್ ಶುಲ್ಕ. 1947ರ ಮಾರ್ಚ್ ವೇಳೆಗೆ ಇಂತಹ ಲೈಸೆನ್ಸ್ ಪಡೆದ ಮನೆಗಳು ಹದಿನೈದು ಸಾವಿರಕ್ಕಿಂತ ಕಡಿಮೆ. ಸೆಟ್ಟಿನ ಬೆಲೆ ಕಾರ್ಮಿಕನೊಬ್ಬನ ಹಲವು ವಾರಗಳ ಕೂಲಿಗೆ ಸಮನಾಗಿದ್ದ ಕಾಲ. ಪ್ರಸಾರವೋ ಲಂಡನ್ನಿನ ಸುತ್ತಮುತ್ತ ಮಾತ್ರ. ಹೀಗಾಗಿ ಮೊದಲ ವರ್ಷಗಳಲ್ಲಿ ಮಫಿನ್‌ನನ್ನು ಕಂಡವರು ಬಹುತೇಕ ಅನುಕೂಲಸ್ಥರ ಮಕ್ಕಳು ಎಂಬುದನ್ನು ಒಪ್ಪಬೇಕು. ಆದರೆ 1949ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಂ ಸುತ್ತಲ ಪ್ರದೇಶಕ್ಕೆ, 1951ರಲ್ಲಿ ಉತ್ತರ ಇಂಗ್ಲೆಂಡಿಗೆ, 1952ರಲ್ಲಿ ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗೆ ಪ್ರಸಾರ ವಿಸ್ತರಿಸಿತು. 1953ರ ಜೂನ್‌ನಲ್ಲಿ ನಡೆದ ರಾಣಿಯ ಪಟ್ಟಾಭಿಷೇಕವನ್ನು ನೋಡಲೆಂದೇ ಅಸಂಖ್ಯ ಕುಟುಂಬಗಳು ಸೆಟ್ ಕೊಂಡವು. 1955ರ ವೇಳೆಗೆ ಲೈಸೆನ್ಸ್‌ಗಳ ಸಂಖ್ಯೆ ನಲವತ್ತೈದು ಲಕ್ಷ. ಎಂಟು ವರ್ಷಗಳಲ್ಲಿ ಸುಮಾರು ಮುನ್ನೂರು ಪಟ್ಟು ಏರಿಕೆ! ಪಿಯಾನೋ ಮಾತ್ರ ಅದೇ, ಅದರ ಮುಂದೆ ಕುಳಿತವರೂ ಅವರೇ.

ಅರ್ಥಶಾಸ್ತ್ರದಲ್ಲಿ ಇದನ್ನು ಸಾರ್ವಜನಿಕ ಸರಕು ಎನ್ನುತ್ತೇವೆ. ಒಂದು ಮಗು ನೋಡಿದ್ದರಿಂದ ಇನ್ನೊಂದು ಮಗುವಿಗೆ ಕಡಿಮೆಯಾಗದು. ಹದಿನೈದು ಸಾವಿರ ಮನೆಗಳಿಗೆ ತಗಲುವ ತಯಾರಿಕಾ ವೆಚ್ಚವೇ ನಲವತ್ತೈದು ಲಕ್ಷ ಮನೆಗಳಿಗೂ ಸಾಕು. ಇಂತಹ ಸರಕನ್ನು ಸಣ್ಣ ವೀಕ್ಷಕವರ್ಗವಿದ್ದಾಗಲೇ ಕಟ್ಟಿ ಬೆಳೆಸುವ ತಾಳ್ಮೆ ಬೇಕು. ಮೊದಲ ವರ್ಷದ ಲೆಕ್ಕವನ್ನಷ್ಟೇ ನೋಡಿದ್ದರೆ ಯಾವ ಹಣಕಾಸು ಅಧಿಕಾರಿಯೂ ಮಫಿನ್‌ಗೆ ಮಂಜೂರಾತಿ ಕೊಡುತ್ತಿರಲಿಲ್ಲ. ಮಕ್ಕಳ ಕಾರ್ಯಕ್ರಮದ ಪ್ರಸ್ತಾವ ಬಂದಾಗ ಫಲಾನುಭವಿಗಳ ಸಂಖ್ಯೆ ಎಷ್ಟು ಎಂದು ಕಡತದಲ್ಲಿ ಬರೆಯುವುದು ನಾನೂ ಬಲ್ಲ ಪರಿಪಾಠವೇ. ಪ್ರಶ್ನೆ ತಪ್ಪಲ್ಲ, ಅದೊಂದೇ ಪ್ರಶ್ನೆಯಾದರೆ ಕಡತ ಅಲ್ಲೇ ಮುಗಿಯುತ್ತದೆ.

ಮಾರುಕಟ್ಟೆಯೂ ಬೇಗ ಎಚ್ಚೆತ್ತಿತು. ಮಫಿನ್‌ನ ಪುಸ್ತಕಗಳು, ಲೋಹದ ಆಟಿಕೆ, ಚಿತ್ರಕಥೆಗಳು ಬಂದವು. 1951ರ ನವೆಂಬರ್‌ನಲ್ಲಿ ಆರಂಭವಾದ ಮಕ್ಕಳ ಚಿತ್ರಪತ್ರಿಕೆ ‘ಟಿವಿ ಕಾಮಿಕ್’ನ ಮುಖಪುಟವನ್ನು ಅಲಂಕರಿಸಿದ್ದು ಈ ಹೇಸರಗತ್ತೆಯೇ. ಟೆಲಿವಿಷನ್ ಪಾತ್ರವೊಂದು ಅಂಗಡಿಯ ಸರಕಾಗುವ ವಿದ್ಯಮಾನಕ್ಕೆ ಬ್ರಿಟನ್ನಿನಲ್ಲಿ ಮೊದಮೊದಲ ನಿದರ್ಶನಗಳಲ್ಲಿ ಇದೂ ಒಂದು. ಆದರೆ ಕ್ರಮ ಗಮನಾರ್ಹ. ಮೊದಲು ಮಕ್ಕಳ ಪ್ರೀತಿ, ಆಮೇಲೆ ಆಟಿಕೆ. ಆಟಿಕೆ ಮಾರಲೆಂದೇ ಕಾರ್ಯಕ್ರಮ ಹುಟ್ಟಿಸುವ ಪದ್ಧತಿ ಬಂದದ್ದು ಬಹುಕಾಲದ ನಂತರ. ಮಗಳು ಮಾಲಿ ಬ್ಲೇಕ್ ತಾಯಿಯ ಪುಸ್ತಕಗಳಿಗೆ ಚಿತ್ರ ಬರೆದರು. ಪ್ರೂಡೆನ್ಸ್ ಎಂಬ ಬೆಕ್ಕಿನಮರಿಯ ಇನ್ನೊಂದು ಬೊಂಬೆ ಕಾರ್ಯಕ್ರಮವನ್ನೂ ಆನೆಟ್ ನಡೆಸಿದರು.

1955ರ ಜನವರಿಯಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಆನೆಟ್ ಮಿಲ್ಸ್ ನಿಧನರಾದರು. ಪರದೆಯ ಮೇಲೆ ಅವರು ಕೊನೆಯವರೆಗೂ ಸಕ್ರಿಯರಾಗಿದ್ದರು. ಬೊಂಬೆ ಇತ್ತು, ಸೂತ್ರ ಹಿಡಿಯುವ ನುರಿತ ಕೈಗಳೂ ಇದ್ದವು. ಆದರೂ ಬಿಬಿಸಿಯಲ್ಲಿ ಆ ಕಾರ್ಯಕ್ರಮ ಅವರೊಂದಿಗೇ ಮುಗಿಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆರಂಭವಾದ ವಾಣಿಜ್ಯ ವಾಹಿನಿಯಲ್ಲಿ ಮಫಿನ್ ಮುಂದೆ ಕೆಲಕಾಲ ಕಾಣಿಸಿಕೊಂಡರೂ ಹಳೆಯ ಸ್ಥಾನ ಮರಳಲಿಲ್ಲ. 2005ರಲ್ಲಿ ಅನಿಮೇಷನ್ ರೂಪದಲ್ಲಿ ಮತ್ತೆ ಬಂದಾಗ ಮಫಿನ್ ತಾನೇ ಮಾತಾಡಬಲ್ಲ ಪಾತ್ರವಾಗಿತ್ತು. ಕಿವಿಗೊಟ್ಟು ಕೇಳುವವರ ಅಗತ್ಯ ಅದಕ್ಕೆ ಉಳಿದಿರಲಿಲ್ಲ. ನೇರ ಪ್ರಸಾರದ ಯುಗವಾದ್ದರಿಂದ ಆನೆಟ್ ಅವರ ಬಹುಪಾಲು ಕಾರ್ಯಕ್ರಮಗಳು ಗಾಳಿಯಲ್ಲೇ ಕರಗಿಹೋದವು. ಉಳಿದಿರುವ ಚಿತ್ರಸುರುಳಿಗಳು ಕೆಲವೇ ಕೆಲವು.

ಆ ಕಾಲದ ಸೌಮ್ಯ ನಡೆ, ಮೇಲ್ಮಧ್ಯಮವರ್ಗದ ಉಚ್ಚಾರಣೆ, ನಿಧಾನಗತಿ ಇಂದಿನ ಮಕ್ಕಳಿಗೆ ಒಗ್ಗಲಿಕ್ಕಿಲ್ಲ. ಅದನ್ನು ಹಾಗೆಯೇ ಮರಳಿ ತರಬೇಕೆಂಬ ಹಂಬಲ ನನಗಿಲ್ಲ. ಆದರೆ ಆ ಕಾರ್ಯಕ್ರಮಕ್ಕೊಂದು ಆರಂಭವಿತ್ತು, ಅಂತ್ಯವೂ ಇತ್ತು. ಹಾಡು ಮುಗಿದ ಮೇಲೆ ಮಗು ಎದ್ದು ಅಂಗಳಕ್ಕೆ ಹೋಗುತ್ತಿತ್ತು. ಇಂದು ಕೈಯಲ್ಲಿನ ಮೊಬೈಲ್ ಪರದೆ ಒಂದು ದೃಶ್ಯ ಮುಗಿಯುವ ಮೊದಲೇ ಇನ್ನೊಂದನ್ನು ಮುಂದೊಡ್ಡುತ್ತದೆ. ಮಗು ಎಷ್ಟು ಹೊತ್ತು ಕಣ್ಣು ಕೀಳಲಿಲ್ಲ ಎಂಬುದೇ ಅಲ್ಲಿ ಆದಾಯದ ಅಳತೆ. ಅಲ್ಲಿ ಮಗು ವೀಕ್ಷಕನಲ್ಲ, ಜಾಹೀರಾತುದಾರರಿಗೆ ಮಾರಾಟವಾಗುವ ಸರಕು. ಇದಕ್ಕೆ ಮಾರುಕಟ್ಟೆಯನ್ನು ಬೈದು ಫಲವಿಲ್ಲ. ಅದು ತನ್ನ ಸ್ವಭಾವದಂತೆ ನಡೆಯುತ್ತದೆ. ಮಕ್ಕಳಿಗೆ ಕೊಳ್ಳುವ ಶಕ್ತಿಯೂ ಇಲ್ಲ, ಮತದಾನದ ಹಕ್ಕೂ ಇಲ್ಲ. ಮಾರುಕಟ್ಟೆ ಮತ್ತು ರಾಜಕಾರಣ ಎರಡೂ ಸಹಜವಾಗಿ ಮರೆಯುವ ಈ ವರ್ಗವನ್ನು ನೆನಪಿಟ್ಟುಕೊಳ್ಳಬೇಕಾದದ್ದು ಸಾರ್ವಜನಿಕ ಸಂಸ್ಥೆಗಳು. ಯುದ್ಧದಿಂದ ದಿವಾಳಿಯ ಅಂಚಿಗೆ ಬಂದಿದ್ದ ದೇಶವೊಂದು ಕಲ್ಲಿದ್ದಲಿಗೂ ಪರದಾಡುತ್ತಿದ್ದಾಗ ಅದನ್ನು ಮರೆಯಲಿಲ್ಲ. ಇಂದಿನ ಸಮೃದ್ಧಿಯಲ್ಲಿ ಹಣವಿಲ್ಲ ಎಂಬ ಸಬೂಬು ಯಾವ ದೇಶಕ್ಕೂ ಒಪ್ಪುವುದಿಲ್ಲ.

ಎರಡು ಬಾರಿ ಮುರಿದ ದೇಹವನ್ನು ಪಿಯಾನೋ ಮುಂದೆ ಕೂರಿಸಿಕೊಂಡು ಆನೆಟ್ ಮಿಲ್ಸ್ ಮಾಡಿದ ಕೆಲಸಕ್ಕೆ ದೊಡ್ಡ ವೇದಿಕೆಯಾಗಲೀ ದುಬಾರಿ ಸಲಕರಣೆಯಾಗಲೀ ಬೇಕಾಗಿರಲಿಲ್ಲ. ಮಕ್ಕಳನ್ನು ಕೀಳಾಗಿ ಕಾಣದ ಒಬ್ಬ ನುರಿತ ಕಲಾವಿದೆ, ಆಕೆಯನ್ನು ನಂಬಿ ಕಾಲಾವಕಾಶ ಕೊಟ್ಟ ಒಂದು ಸಂಸ್ಥೆ, ಇಷ್ಟೇ ಬೇಕಾಗಿದ್ದುದು. ಇವೆರಡರಲ್ಲಿ ಮೊದಲನೆಯದಕ್ಕೆ ಎಲ್ಲಿಯೂ ಎಂದೂ ಕೊರತೆಯಾಗಿಲ್ಲ ಎಂಬುದು ನನ್ನ ನಂಬಿಕೆ. ಕೊರತೆ ಇರುವುದು ಎರಡನೆಯದರಲ್ಲಿ.