ಫಿಲಿಪ್ ಮೆಡೋಸ್ ಟೇಲರ್

ಫಿಲಿಪ್ ಮೆಡೋಸ್ ಟೇಲರ್ (25 ಸೆಪ್ಟೆಂಬರ್ 1808 – 13 ಮೇ 1876) ಹೈದರಾಬಾದಿನ ನಿಜಾಮನ ಸೇವೆಯಲ್ಲಿದ್ದ ಆಂಗ್ಲ ಅಧಿಕಾರಿ, ಕಾದಂಬರಿಕಾರ ಹಾಗೂ ಪ್ರಾಕ್ತನ ಸಂಶೋಧಕ. ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ಸಂಸ್ಥಾನದ ಆಡಳಿತವನ್ನು ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ನೋಡಿಕೊಂಡ ಈತ, ಅಲ್ಲಿನ ಬಾಲರಾಜ ವೆಂಕಟಪ್ಪ ನಾಯಕನ ಪಾಲಕನೂ ಆಗಿದ್ದ. ಇದೇ ವೆಂಕಟಪ್ಪ ನಾಯಕ ಮುಂದೆ 1858ರಲ್ಲಿ ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿದ.

ಆರಂಭಿಕ ಜೀವನ

ಟೇಲರ್ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಜನಿಸಿದ. 1824ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯಲು ಬಂದ. ವ್ಯಾಪಾರದ ಸ್ಥಿತಿ ಹೇಳಿದಂತೆ ಇರಲಿಲ್ಲ. ಮುಂಬಯಿ ಸರ್ಕಾರದಲ್ಲಿ ಉನ್ನತ ಹುದ್ದೆಯಲ್ಲಿದ್ದ ಬಂಧು ನ್ಯೂನ್‌ಹ್ಯಾಮ್ ಈ ಹುಡುಗನ ಕೈಹಿಡಿದು, ಅದೇ ವರ್ಷ ನಿಜಾಮನ ಸೇನೆಯಲ್ಲಿ ಕೆಲಸ ಕೊಡಿಸಿದ. ಟೇಲರ್ ದೇಶಭಾಷೆಗಳನ್ನು ಕಲಿತು, ಜನರೊಡನೆ ನೇರವಾಗಿ ಮಾತನಾಡಬಲ್ಲ ಅಧಿಕಾರಿಯಾಗಿ ಬೆಳೆದ. 1832ರಲ್ಲಿ ಹೈದರಾಬಾದಿನ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು ವಿವಾಹವಾದ. ಆಕೆ 1844ರಲ್ಲಿ ತೀರಿಕೊಂಡಳು. ಠಕ್ಕರ ಜೀವನವನ್ನು ಕುರಿತ ಈತನ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಬಹಳ ಪ್ರಸಿದ್ಧಿ ಪಡೆಯಿತು.

ಸುರಪುರದಲ್ಲಿ

ದೊರೆ ಕೃಷ್ಣಪ್ಪ ನಾಯಕನ ಮರಣಾನಂತರ ಸುರಪುರದಲ್ಲಿ ಅಧಿಕಾರಕ್ಕಾಗಿ ಕಲಹ ಹುಟ್ಟಿತು. ಒಂದೆಡೆ ರಾಣಿ ಈಶ್ವರಮ್ಮ, ಇನ್ನೊಂದೆಡೆ ದೊರೆಯ ತಮ್ಮ ಪಿಡ್ಡ ನಾಯಕ. ನಡುವೆ ಏಳೆಂಟು ವರ್ಷದ ಬಾಲರಾಜ. ನಿಜಾಮನಿಗೆ ಸಲ್ಲಬೇಕಾದ ಕಪ್ಪದ ಬಾಕಿಯೂ ಬೆಳೆದಿತ್ತು. 1841ರ ಕೊನೆಯಲ್ಲಿ ಇದನ್ನು ಸರಿಪಡಿಸಲು ನಿಯುಕ್ತನಾದ ಟೇಲರ್ 1853ರವರೆಗೆ ಅಲ್ಲಿದ್ದ. ಕಂದಾಯ ವ್ಯವಸ್ಥೆಯನ್ನು ಸುಧಾರಿಸಿದ, ಬೋನಾಳ ಕೆರೆಯನ್ನು ವಿಸ್ತರಿಸಿದ. ಗುಡ್ಡದ ಮೇಲೆ ಈತ ಕಟ್ಟಿಸಿದ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಪ್ರಸಿದ್ಧವಾಗಿದೆ.

ಸಂಸ್ಥಾನದ ಪ್ರಾಚೀನ ಅವಶೇಷಗಳನ್ನೂ ಟೇಲರ್ ಪರಿಶೀಲಿಸಿದ. ಕಾಲಜ್ಞಾನಕ್ಕೆ ಹೆಸರಾದ ಬಸವಣ್ಣನ ಕ್ಷೇತ್ರ ಕೊಡೇಕಲ್‌ಗೆ ಸಮೀಪದ ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳನ್ನು ವಿದ್ವತ್ಪ್ರಪಂಚಕ್ಕೆ ಪರಿಚಯಿಸಿದ ಕೀರ್ತಿ ಈತನದು.

ಬಾಲರಾಜನ ಪಾಲನೆ

ಟೇಲರ್ ಕ್ರೈಸ್ತ, ಬಾಲಕ ಬೇಡ ನಾಯಕ ಮನೆತನದವನು. ಮತಾಂತರ ಈ ಪಾಲನೆಯ ಉದ್ದೇಶವಾಗಿರಲಿಲ್ಲ. ರಾಜ ತನ್ನ ಮನೆತನದ ಧರ್ಮದಲ್ಲಿಯೇ ಬೆಳೆದ. ಅವನಿಗೆ ವಿದ್ಯೆ, ಸದ್ವರ್ತನೆ ಮತ್ತು ಆಡಳಿತದ ಹೊಣೆಗಾರಿಕೆ ದೊರೆಯಬೇಕೆಂಬುದೇ ಟೇಲರ್‌ನ ಗುರಿ. ಸಂಸ್ಥಾನದ ಒಳಜಗಳಗಳಿಂದ, ದುರ್ಜನರ ಸಹವಾಸದಿಂದ ಹುಡುಗನನ್ನು ದೂರವಿಡುವುದು ಸುಲಭವಾಗಿರಲಿಲ್ಲ. ಬಾಲರಾಜ ಟೇಲರ್‌ನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜನಿಗೆ ಮೃತ್ಯುವಿದೆಯೆಂದು ಜಾತಕದಲ್ಲಿ ಬರೆದಿದ್ದ ಸಂಗತಿ ತನಗೆ ತಿಳಿದಿತ್ತೆಂದು ಟೇಲರ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1853ರಲ್ಲಿ ಪ್ರಾಪ್ತವಯಸ್ಕನಾದ ವೆಂಕಟಪ್ಪ ನಾಯಕನಿಗೆ ಅಧಿಕಾರ ಹಸ್ತಾಂತರವಾಯಿತು. ಟೇಲರ್ ನಳದುರ್ಗಕ್ಕೆ ವರ್ಗವಾದ.

1858ರ ಬಂಡಾಯ

1858ರ ಫೆಬ್ರವರಿಯಲ್ಲಿ ರಾಜನ ಪಡೆಗೂ ಬ್ರಿಟಿಷ್ ಪಡೆಗೂ ಸುರಪುರದಲ್ಲಿ ಯುದ್ಧ ನಡೆಯಿತು. ಬ್ರಿಟಿಷ್ ಪಡೆಯ ಕ್ಯಾಪ್ಟನ್ ನ್ಯೂಬರಿ ಹತನಾದ. ಹೈದರಾಬಾದಿಗೆ ತೆರಳಿದ ರಾಜ ಅಲ್ಲಿ ಸೆರೆಯಾದ. ಆಗ ಬ್ರಿಟಿಷ್ ಆಡಳಿತದ ಅಧಿಕಾರಿಯಾಗಿದ್ದ ಟೇಲರ್ ಸೆರೆಮನೆಯಲ್ಲಿ ತನ್ನ ಪಾಲಿತನನ್ನು ಕಂಡ. ಈ ಭೇಟಿಯಲ್ಲಿ ರಾಜ ಜೀವಭಿಕ್ಷೆ ಬೇಡದೆ, ತನ್ನನ್ನು ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಿ ಕೊಲ್ಲಲಿ ಎಂದು ಕೋರಿದನೆಂದು ಟೇಲರ್ ದಾಖಲಿಸಿದ್ದಾನೆ. ಮರಣದಂಡನೆಯನ್ನು ಮೊದಲು ಆಜೀವ ಗಡೀಪಾರಿಗೆ, ಬಳಿಕ ನಾಲ್ಕು ವರ್ಷಗಳ ಬಂಧನಕ್ಕೆ ಇಳಿಸಲಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ರಾಜ ಗುಂಡಿನಿಂದ ಮೃತನಾದ. ಗುಂಡು ಅವನ ಕೈಯಿಂದಲೇ ಹಾರಿತೆಂಬುದು ಟೇಲರ್ ನೀಡುವ ವಿವರ. ಇದನ್ನು ಒಪ್ಪದವರೂ ಇದ್ದಾರೆ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು.

ಕೊನೆಯ ವರ್ಷಗಳು

ಅನಾರೋಗ್ಯದಿಂದ ಟೇಲರ್ 1860ರಲ್ಲಿ ಸ್ವದೇಶಕ್ಕೆ ಮರಳಿದ. 'ತಾರಾ' (1863), 'ಸೀತಾ' (1872) ಮೊದಲಾದ ಕಾದಂಬರಿಗಳನ್ನೂ ಭಾರತದ ಇತಿಹಾಸವೊಂದನ್ನೂ ಬರೆದ. ಫ್ರಾನ್ಸಿನ ಮೆಂತೋನ್‌ನಲ್ಲಿ ನಿಧನನಾದ. ಮಗಳು ಸಂಪಾದಿಸಿದ ಆತ್ಮಕಥೆ 1877ರಲ್ಲಿ ಹೊರಬಂದಿತು.

ಮೌಲ್ಯಮಾಪನ

ವೆಂಕಟಪ್ಪ ನಾಯಕ ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ವೀರನೆಂದು ಸ್ಮರಣೀಯ. ಟೇಲರ್‌ನ ಬರಹದಲ್ಲಿ ಅದೇ ರಾಜ ದಾರಿತಪ್ಪಿದ ಮಗನಂತೆ ಕಾಣುತ್ತಾನೆ. ಬಾಲರಾಜನ ಬಾಲ್ಯವನ್ನು ಕುರಿತ ಮುಖ್ಯ ಆಕರ ಈ ಆತ್ಮಕಥೆಯೇ ಆದ್ದರಿಂದ ಪಾಲಕನ ದೃಷ್ಟಿಯೇ ಹೆಚ್ಚು ಉಳಿದುಬಂದಿದೆ. ಟೇಲರ್‌ನ ವಾತ್ಸಲ್ಯ ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಆತ ಪಾಲಕನಾದದ್ದು ಆ ನಾಡಿನ ಸ್ವಾತಂತ್ರ್ಯವನ್ನು ಹಿಡಿತದಲ್ಲಿಟ್ಟುಕೊಂಡ ಅಧಿಕಾರದ ಪ್ರತಿನಿಧಿಯಾಗಿ. ತಂದೆಯಂತೆ ಕಂಡವನ ಪಕ್ಷ ಹಾಗೂ ತನ್ನ ನಾಡಿನ ಪಕ್ಷ ಬೇರೆಯಾದಾಗ ವೆಂಕಟಪ್ಪ ನಾಯಕ ನಾಡಿನ ಪಕ್ಷವನ್ನು ಆರಿಸಿಕೊಂಡ.